ಒಂದು ಗಲ್ಲಾ, ಎರಡು ಲೆಕ್ಕ: ಗೋವಾದ ಕಿರಾಣಿ–ವೈನ್ ಅಂಗಡಿಯ ಚರಿತ್ರೆ ಬರೆಯುವ ಬಗೆ

ಗೋವಾದಲ್ಲಿ ಅಕ್ಕಿ–ಬೇಳೆಯ ಪಕ್ಕದಲ್ಲೇ ಬಾಟಲಿ ಮಾರುವ ಅಂಗಡಿ ಹೊಸದಲ್ಲ. ವಾಸ್ಕೊ, ಮಡಗಾಂವ್, ಮಾಪುಸಾ, ಫೋಂಡಾ ಕಡೆ ಕನ್ನಡ ಮನೆತನಗಳು ನಡೆಸುವ ಇಂಥ ಅಂಗಡಿಗಳಲ್ಲಿ ಈಗ ಗಲ್ಲೆಯ ಮೇಲೆ ಕೂತಿರುವುದು ಮಕ್ಕಳು, ಮೊಮ್ಮಕ್ಕಳು. ಅಂಗಡಿ ಕಟ್ಟಿದವರಿಗೆ ವಯಸ್ಸಾಗಿದೆ. ಚರಿತ್ರೆ ಬರೆದಿಡಬೇಕು ಅನ್ನಿಸಿದಾಗ ಮನೆಯವರು ಸಾಮಾನ್ಯವಾಗಿ ಹಿರಿಯರನ್ನು ಕೂರಿಸಿ, ಮೊಬೈಲ್ ಮುಂದಿಟ್ಟು, ‘ಮೊದಲಿನಿಂದ ಹೇಳಿ’ ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಮಾತು ತೀರುತ್ತದೆ. ಬರಿಗೈಲಿ ಬಂದದ್ದು, ಬೆವರು ಸುರಿಸಿದ್ದು, ದೇವರು ಕಣ್ಣು ಬಿಟ್ಟದ್ದು. ಇದು ಸುಳ್ಳಲ್ಲ, ಆದರೆ ಇದರಲ್ಲಿ ಅಂಗಡಿಯೇ ಇಲ್ಲ.

ಈ ಬಗೆಯ ಅಂಗಡಿಗೆ ಒಂದು ವಿಶೇಷವಿದೆ, ಅದನ್ನು ಹಿಡಿದರೆ ಕೆಲಸ ಸಲೀಸು. ಕಿರಾಣಿಯ ಬದಿ ಎಲ್ಲರ ನೆನಪಿನಲ್ಲಿರುತ್ತದೆ, ಕಾಗದದಲ್ಲಿ ಅಷ್ಟಾಗಿ ಇರುವುದಿಲ್ಲ. ವೈನಿನ ಬದಿ ಕಾಗದದಲ್ಲಿ ಭದ್ರವಾಗಿರುತ್ತದೆ, ಬಾಯಲ್ಲಿ ಬರುವುದಿಲ್ಲ. ಊರಿನ ನೆಂಟರ ಮುಂದೆ ಅದು ಯಾವಾಗಲೂ ‘ನಮ್ಮ ಕಿರಾಣಿ ಅಂಗಡಿ’. ಆದರೆ ವರ್ಷವರ್ಷವೂ ಸರಕಾರ ಮುದ್ರೆ ಹಾಕಿದ್ದು ವೈನಿಗೆ. ಹಾಗಾಗಿ ತಾರೀಖುಗಳನ್ನು ಪರವಾನಗಿ ಕಡತದಿಂದ ತೆಗೆಯಬೇಕು, ಬದುಕನ್ನು ಉದ್ರಿ ವಹಿಯಿಂದ ತೆಗೆಯಬೇಕು, ಎರಡನ್ನೂ ಕೈಯಲ್ಲಿ ಹಿಡಿದು ಆಮೇಲೆ ಹಿರಿಯರ ಮುಂದೆ ಕೂರಬೇಕು. ಈ ಕ್ರಮ ತಿರುಗಿದರೆ ಮಾತೂ ಸಿಗುವುದಿಲ್ಲ, ಕಾಗದವೂ ಅರ್ಥವಾಗುವುದಿಲ್ಲ.

ಕಾಗದ ಹುಡುಕುವುದು

ನವೆಂಬರಿನಿಂದ ಫೆಬ್ರವರಿಯೊಳಗೆ ಈ ಕೆಲಸಕ್ಕೆ ಕೈ ಹಾಕಿ. ಗೋವಾದ ಮಳೆಗಾಲದ ತೇವದಲ್ಲಿ ಕಟ್ಟು ಬಿಚ್ಚಿದರೆ ಹಾಳೆಗಳು ಒಂದಕ್ಕೊಂದು ಅಂಟಿ ಹರಿಯುತ್ತವೆ, ತೆರೆದಿಟ್ಟ ನಾಲ್ಕೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ಹುಡುಕಬೇಕಾದ ಜಾಗಗಳು ಬಹುತೇಕ ಎಲ್ಲ ಅಂಗಡಿಯಲ್ಲೂ ಒಂದೇ. ಗಲ್ಲೆಯ ಕೆಳಗಿನ ಖಾನೆ, ದೇವರ ಫೋಟೋಗಳ ಹಿಂಭಾಗ (ಮೊದಲ ಪರವಾನಗಿಯನ್ನು ಕಟ್ಟು ಹಾಕಿಸಿ ಅಲ್ಲೇ ತೂಗುಹಾಕಿರುತ್ತಾರೆ), ಮಾಳಿಗೆಯ ಎಣ್ಣೆ ಡಬ್ಬಿ, ಮನೆಯ ಗೋದ್ರೇಜ್ ಕಪಾಟಿನ ಲಾಕರು, ಲೆಕ್ಕ ಬರೆಯುತ್ತಿದ್ದವರ ಮನೆ, ಟ್ಯಾಕ್ಸ್ ಸಲಹೆಗಾರರ ಕಚೇರಿ. ಕೊನೆಯ ಎರಡನ್ನು ಜನ ಮರೆಯುತ್ತಾರೆ. ಲೆಕ್ಕ ಬರೆಯುತ್ತಿದ್ದವರು ತೀರಿಹೋಗಿದ್ದರೂ ಅವರ ಮನೆಯಲ್ಲಿ ನಿಮ್ಮ ಅಂಗಡಿಯ ಹತ್ತು ವರ್ಷದ ವಹಿ ಇನ್ನೂ ಇರಬಹುದು.

ಸಿಕ್ಕಿದ ಕೂಡಲೇ ವಿಂಗಡಿಸಲು ಹೋಗಬೇಡಿ. ಕಟ್ಟು ಹೇಗಿದೆಯೋ ಹಾಗೆಯೇ ಒಂದು ಫೋಟೋ ತೆಗೆದು, ಕಟ್ಟಿಗೆ ಒಂದು ನಂಬರು ಕೊಟ್ಟು, ಆ ನಂಬರನ್ನು ಪ್ರತಿ ಹಾಳೆಯ ಹಿಂದಿನ ಮೂಲೆಯಲ್ಲಿ 2ಬಿ ಪೆನ್ಸಿಲಿನಲ್ಲಿ ಹಗುರಾಗಿ ಬರೆಯಿರಿ. ತಾರೀಖಿಲ್ಲದ ಒಂದು ಚೀಟಿ ಯಾವ ಬಿಲ್ಲುಗಳ ನಡುವೆ ಸಿಕ್ಕಿತು ಎಂಬುದೇ ಅದರ ತಾರೀಖು. ಕಟ್ಟು ಒಡೆದು ‘ಬಿಲ್ಲು ಒಂದು ಕಡೆ, ಪತ್ರ ಒಂದು ಕಡೆ’ ಎಂದು ಜೋಡಿಸಿದಿರೋ, ಆ ಸುಳಿವು ಹೋಯಿತು. ಚರಿತ್ರೆ ಬರೆಯಲು ಹೊರಟ ಮನೆಗಳಲ್ಲಿ ಅತಿ ಹೆಚ್ಚು ಹಾಳಾಗುವುದು ಈ ಅಚ್ಚುಕಟ್ಟುತನದಿಂದಲೇ.

ತುಕ್ಕು ಹಿಡಿದ ಗುಂಡುಪಿನ್ನು, ರಬ್ಬರ್ ಬ್ಯಾಂಡು ತೆಗೆಯಿರಿ. ಸೆಲ್ಲೊಟೇಪು ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಲ್ಯಾಮಿನೇಶನ್ನಿನ ಬಿಸಿ ಮತ್ತು ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಬಿಸಿಲಿಗೆ ಒಣಹಾಕಬೇಡಿ, ನೆರಳಲ್ಲಿ ಗಾಳಿಗೆ ಹರಡಿ. ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚುವ ಅಭ್ಯಾಸ ಇದ್ದವರು ಈ ವಹಿಗಳನ್ನು ಮುಟ್ಟದಿರಲಿ. ಹಳೆಯ ಲೆಕ್ಕಗಳಲ್ಲಿ ಎಷ್ಟೋ ಕಾಪಿ ಪೆನ್ಸಿಲಿನಲ್ಲಿ ಬರೆದದ್ದು. ಒಣಗಿದ್ದಾಗ ಬೂದು ಕಾಣುವ ಆ ಅಕ್ಷರ ಒದ್ದೆ ತಾಗಿದರೆ ನೇರಳೆಯಾಗಿ ಹರಡಿಬಿಡುತ್ತದೆ.

ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಬೇಕಾದದ್ದು ಹಳೆಯದನ್ನಲ್ಲ, ಹೊಸದನ್ನು. ಕಂಪ್ಯೂಟರ್ ಬಿಲ್ಲು, ಕಾರ್ಡ್ ಯಂತ್ರದ ಚೀಟಿ ಎಲ್ಲ ಶಾಖದಿಂದ ಅಕ್ಷರ ಮೂಡುವ ಥರ್ಮಲ್ ಕಾಗದ. ಗೋವಾದ ಸೆಕೆಯಲ್ಲಿ, ಅದರಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ, ಕೆಲವೇ ವರ್ಷಗಳಲ್ಲಿ ಬಿಳಿಚಿಕೊಳ್ಳುತ್ತದೆ. 1970ರ ಕೈಬರಹದ ವಹಿ ಇನ್ನೂ ಐವತ್ತು ವರ್ಷ ಕಾಯಬಲ್ಲದು, 2012ರ ಬಿಲ್ಲು ಕಾಯುವುದಿಲ್ಲ.

ಬರಹಕ್ಕೆ 300 ಡಿಪಿಐ, ಫೋಟೋಗಳಿಗೆ 600 ಡಿಪಿಐ ಸಾಕು. ದಪ್ಪ ವಹಿಯನ್ನು ಸ್ಕ್ಯಾನರಿನ ಮೇಲೆ ಒತ್ತಿದರೆ ಬೆನ್ನು ಮುರಿಯುತ್ತದೆ. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಎಡಬಲದಿಂದ 45 ಡಿಗ್ರಿಗೆ ಎರಡು ದೀಪ ಇಟ್ಟು, ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಮೇಲಿನಿಂದ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಫೈಲಿನ ಹೆಸರು ವರ್ಷ–ತಿಂಗಳು–ದಿನ, ಕಟ್ಟಿನ ನಂಬರು, ಪುಟ, ಈ ಕ್ರಮದಲ್ಲಿ ಇರಲಿ. ತಾರೀಖು ಗೊತ್ತಿಲ್ಲದಿದ್ದರೆ ಊಹಿಸಿ ಹಾಕದೆ 0000 ಎಂದು ಬಿಡಿ. ಪ್ರತಿಗಳು ಮೂರಿರಲಿ, ಅದರಲ್ಲಿ ಒಂದು ಗೋವಾದ ಹೊರಗೆ, ಊರಿನ ಮನೆಯಲ್ಲಿದ್ದರೆ ಒಳ್ಳೆಯದು.

ವೈನ್ ಬದಿಯ ಕಡತವೇ ಬೆನ್ನೆಲುಬು

ಗೋವಾ, ದಮನ್ ಮತ್ತು ದಿಯು ಅಬಕಾರಿ ಸುಂಕ ಕಾಯಿದೆ 1964ರದು. ಚಿಲ್ಲರೆ ಮದ್ಯದ ಪರವಾನಗಿ ಏಪ್ರಿಲಿನಿಂದ ಮಾರ್ಚ್ ತನಕದ ವರ್ಷಕ್ಕೆ, ಶುಲ್ಕ ಕಟ್ಟಿ ನವೀಕರಿಸಬೇಕು. ಹಾಗಾಗಿ ಅಂಗಡಿ ನಡೆದ ಪ್ರತಿ ವರ್ಷಕ್ಕೂ ಒಂದು ಕಾಗದ ಹುಟ್ಟಿರಲೇಬೇಕು. ಒಂದು ಉದ್ದ ಹಾಳೆಯಲ್ಲಿ ವರ್ಷಕ್ಕೊಂದು ಸಾಲು ಹಾಕಿ, ಪ್ರತಿ ಸಾಲಿನಲ್ಲಿ ನಾಲ್ಕು ಸಂಗತಿ ತುಂಬಿ: ಪರವಾನಗಿ ಯಾರ ಹೆಸರಲ್ಲಿ, ಯಾವ ಜಾಗಕ್ಕೆ, ಯಾವ ಬಗೆಯದು (ಸೀಲು ಬಾಟಲಿ ಮಾತ್ರವೋ, ಕುಡಿಸುವ ಬಾರೂ ಸೇರಿಯೋ), ಶುಲ್ಕ ಎಷ್ಟು. ಹೆಸರು ಬದಲಾದ ಸಾಲಿನಲ್ಲಿ ಒಂದು ಸಾವೋ, ಒಂದು ಪಾಲೋ, ಒಂದು ಮದುವೆಯೋ ಇರುತ್ತದೆ. ಜಾಗ ಬದಲಾದ ಸಾಲಿನಲ್ಲಿ ಒಂದು ಬಾಡಿಗೆ ಜಗಳವೋ ರಸ್ತೆ ಅಗಲೀಕರಣವೋ ಇರುತ್ತದೆ. ಚರಿತ್ರೆಯ ಅಧ್ಯಾಯಗಳು ತಾವಾಗಿಯೇ ಬೀಳುವುದು ಇಲ್ಲಿ.

ನಡುವೆ ವರ್ಷಗಳು ಕಾಣೆಯಾಗಿದ್ದರೆ ತಾಲೂಕಿನ ಅಬಕಾರಿ ಠಾಣೆಗೆ ಪರವಾನಗಿದಾರರೇ ಒಂದು ಸರಳ ಅರ್ಜಿ ಕೊಡಲಿ. ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ‘ಸಿಗುವುದಿಲ್ಲ’ ಎಂಬ ಉತ್ತರ ಬರುತ್ತದೆ. ಮೂರೇ ಪ್ರಶ್ನೆ ಕೇಳಿ: ಪರವಾನಗಿ ಮೊದಲು ಕೊಟ್ಟ ದಿನ, ಹೆಸರು ಬದಲಾದ ದಿನಗಳು, ಜಾಗ ಬದಲಾದ ದಿನಗಳು. ಇಷ್ಟರಲ್ಲೂ ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಸಾರ್ವಜನಿಕ ಮಾಹಿತಿ ಅಧಿಕಾರಿ 30 ದಿನದೊಳಗೆ ಉತ್ತರ ಕೊಡಬೇಕು.

ಪರವಾನಗಿಗಿಂತ ರುಚಿಯಾದದ್ದು ದಾಸ್ತಾನು ರಿಜಿಸ್ಟರು. ಬೆಳಗಿನ ಶಿಲ್ಕು, ಬಂದದ್ದು, ಮಾರಿದ್ದು, ರಾತ್ರಿಯ ಶಿಲ್ಕು, ನಡುನಡುವೆ ತಪಾಸಣೆಗೆ ಬಂದವರ ಸಹಿ. 750, 375, 180 ಮಿಲಿಯ ಬಾಟಲಿಗಳಿಗೆ ಬೇರೆಬೇರೆ ಅಂಕಣ. ಕ್ವಾರ್ಟರಿನ (180 ಮಿಲಿ) ಅಂಕಣ ಉಬ್ಬಿ ದೊಡ್ಡ ಬಾಟಲಿಯದು ಸೊರಗಿದ್ದರೆ ಗಿರಾಕಿ ದಿನಗೂಲಿಯವರು. ಡಿಸೆಂಬರಿನಲ್ಲಿ ಮಾತ್ರ ದೊಡ್ಡ ಬಾಟಲಿ ಓಡಿದ್ದರೆ ಅದು ಕ್ರಿಸ್‌ಮಸ್ಸಿನ ಮನೆಗಳದು. ಈ ರಿಜಿಸ್ಟರನ್ನು ಅಂಗಡಿಯ ರೋಜ್‌ಕಿರ್ದಿಯ (ದಿನದ ಹಣದ ಲೆಕ್ಕದ ವಹಿ) ಜೊತೆ ಇಟ್ಟು ನೋಡಿದಾಗ ಬಾಟಲಿಯ ಲೆಕ್ಕಕ್ಕೂ ಹಣದ ಲೆಕ್ಕಕ್ಕೂ ತಾಳೆ ಬೀಳದಿರಬಹುದು. ಗಾಬರಿ ಬೇಡ. ಒಡೆದದ್ದು, ಉದ್ರಿ ಹೋದದ್ದು, ಹಬ್ಬಕ್ಕೆ ಕೊಟ್ಟದ್ದು, ಪಕ್ಕದ ಬಾರಿಗೆ ಒಟ್ಟಾಗಿ ಹೋದದ್ದು, ಕಾರಣ ಇವುಗಳಲ್ಲೇ ಇರುತ್ತದೆ. ಚುನಾವಣೆಯ ಮದ್ಯನಿಷೇಧದ ದಿನ ಮಾರಾಟ ಸೊನ್ನೆ ಇದೆಯೇ ನೋಡಿ. ಆ ದಿನವೂ ಅಂಕಿ ತುಂಬಿದ್ದರೆ ಆ ಪುಟಗಳನ್ನು ಒಂದೇ ಕೂರಿಕೆಯಲ್ಲಿ ಆಮೇಲೆ ಬರೆದದ್ದು, ಅದರ ಮೇಲೆ ಭಾರ ಹಾಕಬೇಡಿ.

ಫೆನ್ನಿಯ ಲೆಕ್ಕ ಬೇರೆ ಜಾತಿಯದು. ಗೇರು ಫೆನ್ನಿ, ಮಾಡ್ಡಾಚೆಂ ಎಂಬ ತೆಂಗಿನ ಫೆನ್ನಿ, ಏಪ್ರಿಲ್–ಮೇ ತಿಂಗಳ ಹುರಾಕು (ಗೇರಿನ ಮೊದಲ ಭಟ್ಟಿಯ ಹಗುರ ಮದ್ಯ), ಇವು ಭಟ್ಟಿಯಿಂದ ಗರಾಫಾಂವ್ ಎಂಬ ದೊಡ್ಡ ಗಾಜಿನ ಹೂಜಿಗಳಲ್ಲಿ, ಕ್ಯಾನುಗಳಲ್ಲಿ ಬಂದು ಅಂಗಡಿಯಲ್ಲಿ ಬಾಟಲಿಗೆ ಇಳಿಯುತ್ತಿದ್ದವು. ಕಸು ಅಳೆಯುತ್ತಿದ್ದದ್ದು ‘ಗ್ರಾವ್’ ಎಂಬ ಹಳೆಯ ಮಾಪನದಲ್ಲಿ. ವಹಿಯಲ್ಲಿ ಫೆನ್ನಿಯ ಮುಂದೆ 19 ಅಥವಾ 20 ಎಂಬ ಅಂಕಿ ಕಂಡರೆ ಅದು ಬೆಲೆಯಲ್ಲ, ಗ್ರಾವ್. ಅದನ್ನು ಬೆಲೆಯೆಂದು ಓದಿ ಪಟ್ಟಿ ಮಾಡಿದರೆ ಇಡೀ ಲೆಕ್ಕ ಕೆಡುತ್ತದೆ. ಗೇರು ಫೆನ್ನಿಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದ್ದು 2009ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ಬಾಟಲಿಗೆ ಲೇಬಲ್ಲೇ ಇರಲಿಲ್ಲ, ಯಾವ ಹಳ್ಳಿಯ ಭಟ್ಟಿ ಎಂಬುದೇ ಹೆಸರು. ಆ ಹಳ್ಳಿಗಳ ಹೆಸರನ್ನು ತಪ್ಪದೆ ಬರೆದುಕೊಳ್ಳಿ.

ಪರವಾನಗಿ ಬೇರೆಯವರ ಹೆಸರಲ್ಲಿದ್ದು ಅಂಗಡಿ ಇವರು ನಡೆಸಿದ ವರ್ಷಗಳು ಹಲವು ಮನೆತನಗಳಲ್ಲಿವೆ. ಮನೆಯ ಪ್ರತಿಯಲ್ಲಿ ಅದನ್ನು ಇದ್ದಂತೆ ಬರೆಯಿರಿ. ಅಚ್ಚಿಗೆ ಕೊಡುವ ಮುನ್ನ ಆ ಪುಟವನ್ನು ವಕೀಲರಿಗೆ ತೋರಿಸಿ.

ವಹಿ ಓದುವುದು

ಕಿರಾಣಿ ಬದಿಯಲ್ಲಿ ಸಿಗುವುದು ಮೂರು ಬಗೆಯ ವಹಿ. ದಿನದ ಜಮಾ–ಖರ್ಚಿನ ರೋಜ್‌ಕಿರ್ದಿ, ಅದರಿಂದ ಹೆಸರುವಾರು ಇಳಿಸಿದ ಖತಾವಣಿ, ಮತ್ತು ಗಲ್ಲೆಯ ಪಕ್ಕ ತೂಗುತ್ತಿದ್ದ ಉದ್ರಿ ಪುಸ್ತಕ. ಲೆಕ್ಕಿಗರ ಕಣ್ಣಿಗೆ ಖತಾವಣಿ ದೊಡ್ಡದು. ಚರಿತ್ರೆಗೆ ಉದ್ರಿ ಪುಸ್ತಕ ದೊಡ್ಡದು, ಯಾಕೆಂದರೆ ಯಾರು ಏನು ಒಯ್ದರು ಎಂಬುದು ಅಲ್ಲಿ ಮಾತ್ರ ಇದೆ.

ಹೊಸ ವಹಿಗೆ ಪೂಜೆ ಆಗುತ್ತಿದ್ದದ್ದು ದೀಪಾವಳಿಯಲ್ಲಿ. ಆದ್ದರಿಂದ ಹಳೆಯ ವಹಿಯ ವರ್ಷ ಬಲಿಪಾಡ್ಯಮಿಯಿಂದ ಬಲಿಪಾಡ್ಯಮಿಗೆ. ಮೊದಲ ಪುಟದಲ್ಲಿ ‘ಶ್ರೀ’ಕಾರದ ಕೆಳಗೆ ಶಕವೋ ಸಂವತ್ಸರವೋ ಇರುತ್ತದೆ. ಶಕಕ್ಕೆ 78 ಕೂಡಿಸಿದರೆ ಇಸವಿ, ಜನವರಿಯಿಂದ ಯುಗಾದಿಯ ತನಕ 79. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ: ಪ್ಲವ ಎಂದರೆ 1961–62, ಮತ್ತೆ 2021–22. ಸಂವತ್ಸರ ಬದಲಾಗುವುದು ಯುಗಾದಿಗೆ, ವಹಿ ಬದಲಾಗುವುದು ದೀಪಾವಳಿಗೆ. ಆದ್ದರಿಂದ ಪ್ಲವದ ದೀಪಾವಳಿಗೆ ತೆರೆದ ವಹಿ ಶುಭಕೃತುವಿನಲ್ಲಿ ಮುಗಿಯುತ್ತದೆ. ಮೊದಲ ಪುಟ ಮಾತ್ರ ನೋಡಿ ಇಡೀ ವಹಿಗೆ ಒಂದೇ ಇಸವಿ ಹಚ್ಚುವುದು ಬಲು ಸಾಮಾನ್ಯ ತಪ್ಪು.

ಇನ್ನೊಂದು ಹೊಂಡ 1989ರಲ್ಲಿದೆ. ಆದಾಯ ತೆರಿಗೆಗೆ ಎಲ್ಲರ ಲೆಕ್ಕದ ವರ್ಷವೂ ಮಾರ್ಚ್ 31ಕ್ಕೆ ಮುಗಿಯಬೇಕು ಎಂಬ ನಿಯಮ ಬಂದದ್ದು ಆಗ. ದೀಪಾವಳಿ ವರ್ಷ ಇಟ್ಟಿದ್ದ ಅಂಗಡಿಗಳು 1987ರ ದೀಪಾವಳಿಯಿಂದ 1989ರ ಮಾರ್ಚ್ 31ರ ತನಕ ಒಂದೇ ಲೆಕ್ಕ ಮಾಡಿದವು, ಅಂದರೆ ಸುಮಾರು 17 ತಿಂಗಳು. ಆ ವರ್ಷದ ವ್ಯಾಪಾರ ದಿಢೀರನೆ ಏರಿದಂತೆ ಕಾಣುವುದು ಇದರಿಂದ. ಅಜ್ಜನ ಕೈಗುಣ ಎಂದು ಬರೆಯುವ ಮೊದಲು ತಿಂಗಳು ಎಣಿಸಿ.

ಅಂಕಿ ಓದುವಾಗ: ಭಾರತದಲ್ಲಿ ದಶಮಾಂಶ ನಾಣ್ಯ 1957ರ ಏಪ್ರಿಲ್ 1ರಿಂದ. ಅದಕ್ಕೆ ಮುಂಚಿನ ಹುಬ್ಬಳ್ಳಿ, ಬೆಳಗಾವಿಯ ವರ್ತಕರ ಬಿಲ್ಲುಗಳಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂಕಿಯ ಮುಂದಿನ ಒಂದೊಂದು ಉದ್ದ ಗೀಟೂ ಕಾಲು ರೂಪಾಯಿ, ಅಡ್ಡ ಗೀಟು ಆಣೆ. 5ರ ಮುಂದೆ ಎರಡು ಉದ್ದ, ಒಂದು ಅಡ್ಡ ಗೀಟು ಇದ್ದರೆ 5 ರೂಪಾಯಿ 9 ಆಣೆ. ಗೊತ್ತಿಲ್ಲದವರು ಆ ಗೀಟುಗಳನ್ನು ಒಂದು ಎಂದು ಓದಿ ಐನೂರ ಹನ್ನೊಂದು ಮಾಡಿಬಿಡುತ್ತಾರೆ. ‘ನಯೆ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಆಮೇಲೆ ಬರಿಯ ಪೈಸೆ. ಕೈಬರಹದಲ್ಲಿ ೧ ಮತ್ತು ೦, ೬ ಮತ್ತು ೯ ಬೇಗ ತಪ್ಪುತ್ತವೆ. ಮರಾಠಿ ಒಂದು ನಮ್ಮ ಕಣ್ಣಿಗೆ ಇಂಗ್ಲಿಷ್ ಒಂಬತ್ತಿನಂತೆ ಕಾಣುತ್ತದೆ. ಪುಟದ ಕೆಳಗಿನ ಬೆರೀಜನ್ನು ನೀವೇ ಕೂಡಿ ನೋಡಿ. ಕೂಡಿಕೆ ಸರಿ ಬಂದರೆ ಓದಿದ್ದು ಸರಿ.

ನಲವತ್ತು ವರ್ಷದ ವಹಿಯನ್ನು ಪೂರ್ತಿ ಓದಲಾಗದು, ಓದಬೇಕಾಗಿಯೂ ಇಲ್ಲ. ಪ್ರತಿ ವರ್ಷದಿಂದ ಮೂರು ವಾರ ಆರಿಸಿ: ಜನವರಿಯ ಮೂರನೆಯ ವಾರ, ಮೇ ಕೊನೆಯ ವಾರ, ಜುಲೈ ಮೂರನೆಯ ವಾರ. ಜನವರಿ ಪ್ರವಾಸಿಗರ ಕಾಲ. ಮೇ ಕೊನೆ ‘ಪುರುಮೆಂತ್’, ಅಂದರೆ ಮಳೆಗಾಲಕ್ಕೆಂದು ಮೆಣಸಿನಕಾಯಿ, ಹುಣಸೆ, ಕೋಕಂ, ಬೇಳೆ, ಒಣಮೀನು ಕೂಡಿಡುವ ಹೊತ್ತು. ಕಿರಾಣಿ ಬದಿಗೆ ವರ್ಷದ ದೊಡ್ಡ ವಾರ. ಜುಲೈ ಎಂದರೆ ಬರೀ ಊರಿನ ಗಿರಾಕಿ. ಜನವರಿಯ ಮಾರಾಟಕ್ಕೂ ಜುಲೈಯದಕ್ಕೂ ಅಂತರ ಯಾವ ವರ್ಷದಿಂದ ಹಿಗ್ಗತೊಡಗಿತು ಎಂದು ನೋಡಿದರೆ ಪ್ರವಾಸೋದ್ಯಮ ನಿಮ್ಮ ಅಂಗಡಿಯ ಹೊಸ್ತಿಲು ತುಳಿದ ವರ್ಷ ಸಿಗುತ್ತದೆ. ಗಣೇಶ ಚೌತಿ ಮತ್ತು ಕ್ರಿಸ್‌ಮಸ್ ವಾರಗಳನ್ನು ಆರಿಸಬೇಡಿ. ಅವು ಎಲ್ಲ ವರ್ಷವೂ ಎತ್ತರವೇ, ಅದರಿಂದ ತಿಳಿಯುವುದು ಕಡಿಮೆ.

ಆರಿಸಿದ ವಾರದಲ್ಲಿ ಸರಕಿನ ಹೆಸರುಗಳನ್ನೂ ಇಳಿಸಿ. ಉಕ್ಕಡ ಅಕ್ಕಿ, ತೆಂಗಿನೆಣ್ಣೆ, ಬೆಲ್ಲ ಇದ್ದ ಪುಟದಲ್ಲಿ ಒಂದು ವರ್ಷ ಜೋಳ ಕಾಣಿಸಿಕೊಳ್ಳುತ್ತದೆ. ಹಿಂದೆಯೇ ಶೇಂಗಾ, ಗುರೆಳ್ಳು, ಬ್ಯಾಡಗಿ ಮೆಣಸಿನಕಾಯಿ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಟ್ಟಡ ಕೆಲಸದವರು, ಬಂದರಿನ ಹಮಾಲರು ಆ ಓಣಿಗೆ ಬಂದು ಬಿಡಾರ ಹೂಡಿದ ವರ್ಷ ಅದು. ಗೋವಾದ ಕನ್ನಡಿಗರ ಬದುಕಿನ ಬಗ್ಗೆ ಇಷ್ಟು ಹತ್ತಿರದ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ. ಜೋಳ ಮೊದಲು ಬರೆದ ಪುಟವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿಡಿ.

ಬೆಲೆಗಳಿಗೆ ಒಂದು ಸಣ್ಣ ಪಟ್ಟಿ ಸಾಕು: ಅಕ್ಕಿ, ಸಕ್ಕರೆ, ಎಣ್ಣೆ, ಸೀಮೆಎಣ್ಣೆ, ಒಂದು ಬಾಟಲಿ ಫೆನ್ನಿ, ಐದೈದು ವರ್ಷಕ್ಕೊಮ್ಮೆ. ಇಂದಿನ ರೂಪಾಯಿಗೆ ತಿರುಗಿಸುವ ಗೋಜಿಗೆ ಹೋಗದೆ, ಒಂದು ಬಾಟಲಿಯ ಬೆಲೆಗೆ ಎಷ್ಟು ಕಿಲೋ ಅಕ್ಕಿ ಬರುತ್ತಿತ್ತು ಎಂದು ಬರೆಯಿರಿ. ಅಂಗಡಿಯ ಎರಡೂ ಬದಿ ಒಂದೇ ಅಂಕಿಯಲ್ಲಿ ಕೂಡುವುದು ಅಲ್ಲೇ. ತೂಕ ಸೇರಿನಲ್ಲಿದ್ದರೆ 80 ತೊಲೆಯ ಸೇರು ಸುಮಾರು 933 ಗ್ರಾಂ.

ತಾರೀಖಿಲ್ಲದ ಕಾಗದಕ್ಕೆ ತಾರೀಖು

ಸರಕು ಕಳಿಸಿದವರ ಬಿಲ್ಲಿನ ತಲೆಬರಹವೇ ಹೇಳುತ್ತದೆ. ‘ಮೈಸೂರು ರಾಜ್ಯ’ ಎಂದು ಅಚ್ಚಾಗಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಗೋವಾ, ದಮನ್, ದಿಯು’ ಎಂದಿದ್ದರೆ 1987ರ ಮೇ 30ಕ್ಕೆ ಮುಂಚಿನದು, ಅಂದರೆ ಗೋವಾ ರಾಜ್ಯವಾಗುವ ಮೊದಲಿನದು. ‘ಬೆಳಗಾವಿ’ ಎಂದು ಇಂಗ್ಲಿಷಿನಲ್ಲೂ ಬಂದದ್ದು 2014ರ ನವೆಂಬರಿನಿಂದ. ಆದರೆ ಅಚ್ಚು ಹಾಕಿಸಿದ ಬಿಲ್‌ಬುಕ್ಕು ಮುಗಿಯುವ ತನಕ ಹಳೆಯ ಹೆಸರೇ ನಡೆಯುತ್ತದೆ. ಆದ್ದರಿಂದ ಹಳೆಯ ಹೆಸರು ಕಂಡರೆ ಎರಡು ಮೂರು ವರ್ಷ ಸಡಿಲ ಬಿಡಿ, ಹೊಸ ಹೆಸರು ಕಂಡರೆ ಮಾತ್ರ ಗಟ್ಟಿಯಾಗಿ ಹೇಳಿ.

ತೆರಿಗೆ ನಂಬರೂ ಹಾಗೆಯೇ. ವ್ಯಾಟ್ ಬಂದದ್ದು 2005ರ ಏಪ್ರಿಲ್ 1ರಿಂದ, ಜಿಎಸ್‌ಟಿ 2017ರ ಜುಲೈ 1ರಿಂದ. ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು: 30 ಗೋವಾ, 29 ಕರ್ನಾಟಕ, 27 ಮಹಾರಾಷ್ಟ್ರ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗೆ ಉಳಿದದ್ದರಿಂದ 2017ರ ನಂತರ ಒಂದೇ ಅಂಗಡಿಯಿಂದ ಎರಡು ಬಗೆಯ ಬಿಲ್ಲು ಹೊರಡುತ್ತದೆ. ಎರಡನ್ನೂ ಹುಡುಕದೆ ವ್ಯಾಪಾರ ಬಿತ್ತು ಎಂದು ತೀರ್ಮಾನಿಸಬೇಡಿ. ಅದೇ ವರ್ಷ ಹೆದ್ದಾರಿ ಪಕ್ಕದ ಅಂಗಡಿಗಳಿಗೆ ಇನ್ನೊಂದು ಏಟೂ ಬಿತ್ತು: 2016ರ ಡಿಸೆಂಬರ್ 15ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು ಆಮೇಲಿನ ಅದರ ತಿದ್ದುಪಡಿಯಿಂದ, 2017ರ ಏಪ್ರಿಲ್‌ನಿಂದ ಹೆದ್ದಾರಿಗೆ 500 ಮೀಟರ್ ಒಳಗೆ, ಸಣ್ಣ ಊರುಗಳಲ್ಲಿ 220 ಮೀಟರ್ ಒಳಗೆ, ಮದ್ಯ ಮಾರುವಂತಿರಲಿಲ್ಲ. ದಾಸ್ತಾನು ರಿಜಿಸ್ಟರು ಆಗ ನಿಂತಿದ್ದರೆ, ಯಾವ ದಿನ ಮತ್ತೆ ಶುರುವಾಯಿತು ಎಂದು ಗುರುತು ಹಾಕಿ.

ಬ್ಯಾಂಕಿನ ಪಾಸ್‌ಬುಕ್ಕು ಬಿಸಾಡಬೇಡಿ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ತಳೆಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದರ ಪಿಗ್ಮಿ ಠೇವಣಿ 1928ರಿಂದ ನಡೆದದ್ದು. ಏಜೆಂಟರು ದಿನಾ ಅಂಗಡಿಗೆ ಬಂದು ಒಯ್ದ ಪಿಗ್ಮಿ ಹಣದ ಕಾರ್ಡು ಸಿಕ್ಕರೆ, ವಹಿ ಕಳೆದ ವರ್ಷಗಳಲ್ಲೂ ಯಾವ ದಿನ ಗಲ್ಲಾ ತುಂಬಿತ್ತು, ಯಾವ ದಿನ ಬರಿದಾಗಿತ್ತು ಎಂದು ತಿಳಿಯುತ್ತದೆ. ಕಾರ್ಡಿನಲ್ಲಿ ಸಾಲಾಗಿ ಹತ್ತು ಹದಿನೈದು ದಿನ ಖಾಲಿ ಇದ್ದರೆ ಆಗ ಮನೆಯಲ್ಲಿ ಏನೋ ನಡೆದಿತ್ತು. ಅದನ್ನು ಹಿರಿಯರಿಗೆ ಕೇಳುವ ಪಟ್ಟಿಗೆ ಸೇರಿಸಿ. ಲಾರಿಯ ಬಿಲ್ಟಿ, ರೈಲ್ವೆ ರಸೀದಿಗಳೂ ಹೀಗೆಯೇ: ಲೋಂಡಾ ಜಂಕ್ಷನ್ ಮೂಲಕ ರೈಲಿನಲ್ಲಿ ಬರುತ್ತಿದ್ದ ಸರಕು ಯಾವಾಗ ಲಾರಿಗೆ ತಿರುಗಿತು ಎಂಬುದು ಅವುಗಳಲ್ಲಿದೆ.

1961ಕ್ಕೆ ಮುಂಚಿನ ಅಂಗಡಿಯನ್ನು ಕೊಂಡು ಮುಂದುವರಿಸಿದ ಮನೆತನವಾದರೆ ಪೋರ್ಚುಗೀಸ್ ಕಾಗದವೂ ಸಿಗುತ್ತದೆ. ಅಂಗಡಿಯ ಹಳೆಯ ಫಲಕ ಓದಿ: ‘ಫಿಲ್ಯುಶ್’ ಎಂದರೆ ಮಕ್ಕಳು, ‘ಇರ್ಮಾಂವ್ಶ್’ ಸೋದರರು, ‘ವಿಯೂವಾ’ ವಿಧವೆ, ‘ಎರ್ದೇಯ್ರುಶ್’ ವಾರಸುದಾರರು. ಯಾರ ಕೈಯಲ್ಲಿತ್ತು ಎಂಬುದು ಹೆಸರಲ್ಲೇ ಇದೆ. ಹಣ ‘ರುಪಿಯಾ–ಟಾಂಗಾ’ದಲ್ಲಿದ್ದರೆ 1959ಕ್ಕೆ ಮುಂಚಿನದು (ರುಪಿಯಾಗೆ 16 ಟಾಂಗಾ). ‘ಎಸ್ಕೂಡೊ’ದಲ್ಲಿದ್ದರೆ 1959ರಿಂದ 1961ರ ಡಿಸೆಂಬರ್ ಸುಮಾರಿನದು, 1 ರುಪಿಯಾಗೆ 6 ಎಸ್ಕೂಡೊ ಲೆಕ್ಕ. 1955ರಿಂದ ಭಾರತದ ಆರ್ಥಿಕ ದಿಗ್ಬಂಧನ ಇದ್ದುದರಿಂದ ಆ ವರ್ಷಗಳ ಸರಕು ಬೆಳಗಾವಿ, ಹುಬ್ಬಳ್ಳಿಯಿಂದಲ್ಲ, ಹಡಗಿನಲ್ಲಿ ಬಂದದ್ದು. ಪಣಜಿಯ ರಾಜ್ಯ ಪತ್ರಾಗಾರ, ಮತ್ತು ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯದ ಹಳೆಯ ಪತ್ರಿಕೆಗಳ ವಿಭಾಗಕ್ಕೆ ಒಂದು ದಿನ ಕೊಡಿ. ವರ್ಷ ಗೊತ್ತಿಲ್ಲದೆ ಹೋದರೆ ದಿನವೆಲ್ಲ ಪುಟ ತಿರುವುವುದೇ ಆಗುತ್ತದೆ. ಡಿಸೆಂಬರ್ ತಿಂಗಳ ಸಂಚಿಕೆಗಳಿಂದ ಶುರುಮಾಡಿ, ಅಂಗಡಿಗಳ ಜಾಹೀರಾತು ಹೆಚ್ಚು ಆಗಲೇ.

ಗೋವಾದಲ್ಲಿ ಆಸ್ತಿ ಪಾಲಾಗುವುದು ಕೋರ್ಟಿನ ಇನ್ವೆಂಟರಿ ನಡವಳಿಯಲ್ಲಿ. ನಿಮ್ಮ ಅಂಗಡಿ ಅಥವಾ ಅದರ ಕಟ್ಟಡ ಹಾಗೆ ಪಾಲಾಗಿದ್ದರೆ ಆ ಕಡತದಲ್ಲಿ ಸೊತ್ತಿನ ಪಟ್ಟಿ ಇರುತ್ತದೆ. ಕೆಲವೊಮ್ಮೆ ತಕ್ಕಡಿ, ಕಪಾಟು, ದಾಸ್ತಾನಿನ ತನಕ.

ಮಾತಿಗೆ ಕೂರುವುದು

ಹಿರಿಯರ ಬಳಿ ಕೂರುವ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು, ಅಂಗಡಿಯ ಬಾಗಿಲು ಅರ್ಧ ಎಳೆದಿರುವಾಗ. ಮನೆಯಲ್ಲಿ ಕೂರಿಸಬೇಡಿ, ಅಂಗಡಿಯಲ್ಲೇ ಕೂರಿಸಿ. ಕೈ ತಾನಾಗಿ ಹಳೆಯ ಡಬ್ಬಿಯ ಜಾಗ ತೋರಿಸುತ್ತದೆ. ಫ್ಯಾನು ಮತ್ತು ಫ್ರಿಜ್ ನಿಲ್ಲಿಸಿ. ಬಿಯರ್ ಫ್ರಿಜ್ಜಿನ ಗುಂಯ್ ಸದ್ದು ಕೇಳುವಾಗ ಗೊತ್ತಾಗುವುದಿಲ್ಲ, ಧ್ವನಿಮುದ್ರಣದಲ್ಲಿ ಮಾತನ್ನೇ ನುಂಗುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಯಿಂದ ಎರಡು ಗೇಣು ದೂರದಲ್ಲಿ ಬಟ್ಟೆಯ ಮೇಲಿಡಿ. 48 ಕಿಲೋಹರ್ಟ್ಸ್, 24 ಬಿಟ್, ಮೊನೊ ವೇವ್ (WAV) ಫೈಲಾದರೆ ಒಂದು ಗಂಟೆಗೆ ಸುಮಾರು 520 ಎಂಬಿ ಬೇಕು. ಒಂದು ಕೂರಿಕೆಗೆ 45 ನಿಮಿಷ ಸಾಕು.

‘ಯಾವ ವರ್ಷ, ಅಜ್ಜಾ?’ ಎಂದು ಕೇಳಬೇಡಿ. ವರ್ಷ ಯಾರಿಗೂ ನೆನಪಿರುವುದಿಲ್ಲ. ಹೇಳಿದರೂ ಸೊನ್ನೆಗೆ ಅಥವಾ ಐದಕ್ಕೆ ಮುಗಿಯುವ ವರ್ಷ ಹೇಳುತ್ತಾರೆ. ‘ಮಾಂಡವಿ ಸೇತುವೆ ಬಿದ್ದಾಗ ಈ ಕಪಾಟು ಇತ್ತೇನು?’ ಎಂದು ಕೇಳಿ. ಅದು 1986ರ ಜುಲೈ 5. ಗೋವಾದ ಅಂಗಡಿಯವರಿಗೆ ಇಂಥ ಗೂಟಗಳು ಬೇಕಾದಷ್ಟಿವೆ: 1961ರ ಡಿಸೆಂಬರ್ 19ರ ವಿಮೋಚನೆ, ಗೋವಾ ಮಹಾರಾಷ್ಟ್ರದಲ್ಲಿ ಸೇರಬೇಕೇ ಎಂಬ 1967ರ ಜನವರಿಯ ಜನಮತಗಣನೆ, 1983ರ ಕಾಮನ್‌ವೆಲ್ತ್ ನಾಯಕರ ಭೇಟಿ, 1998ರಲ್ಲಿ ಕೊಂಕಣ ರೈಲು. ಎಲ್ಲಕ್ಕಿಂತ ಗಟ್ಟಿ ಗೂಟ ಹಳೆಯ ಗೋವಾದ ಸೇಂಟ್ ಫ್ರಾನ್ಸಿಸ್ ಝೇವಿಯರ್ ಪಾರ್ಥಿವ ದರ್ಶನ, ಸುಮಾರು ಹತ್ತು ವರ್ಷಕ್ಕೊಮ್ಮೆ: 1964–65, 1974–75, 1984–85, 1994–95, 2004–05, 2014–15, 2024–25. ಆ ವಾರಗಳ ಜನಜಂಗುಳಿ ಅಂಗಡಿಯವರಿಗೆ ಮರೆಯದು. ‘ಆ ಸಲದ ಫೆಸ್ತಿಗೆ ಗಲ್ಲೆಯ ಮೇಲೆ ಯಾರಿದ್ದರು?’ ಎಂದರೆ ಹೆಸರು ಬರುತ್ತದೆ, ಹೆಸರಿನ ಜೊತೆ ಕತೆ ಬರುತ್ತದೆ.

ಕೈಗೆ ಒಂದು ಕಾಗದ ಕೊಟ್ಟು ಸುಮ್ಮನಿರಿ. ಉದ್ರಿ ಪುಸ್ತಕದ ಒಂದು ಪುಟ, ದಾಸ್ತಾನಿನ ಒಂದು ಪುಟ. ಪ್ರಶ್ನೆಗೆ ಸಿಗದ ಉತ್ತರ ಕೈಬರಹಕ್ಕೆ ಸಿಗುತ್ತದೆ: ‘ಇದು ನನ್ನದಲ್ಲ, ನಿಮ್ಮ ಅಜ್ಜಿಯ ಅಕ್ಷರ.’ ಇಂಥ ಅಂಗಡಿಗಳಲ್ಲಿ ಹೆಂಗಸರು ಮಾಡಿದ ಕೆಲಸ ಯಾವ ಪರವಾನಗಿಯಲ್ಲೂ ಇಲ್ಲ. ಮಸಾಲೆ ಕಟ್ಟುವುದು, ಬಾಟಲಿ ತೊಳೆಯುವುದು, ಮಧ್ಯಾಹ್ನದ ಗಲ್ಲಾ, ಉದ್ರಿ ವಸೂಲಿಗೆ ಹೋದ ಗಂಡಸಿಗೆ ಯಾರ ಮನೆಗೆ ಹೋಗಬೇಡ ಎಂದು ಹೇಳುವುದು. ಅಜ್ಜಿಯನ್ನು, ಅತ್ತಿಗೆಯನ್ನು ಬೇರೆಯಾಗಿ, ಅವರೊಬ್ಬರನ್ನೇ ಕೂರಿಸಿ ಕೇಳಿ. ಗಂಡಸರಿದ್ದರೆ ‘ಅವರೇ ಹೇಳುತ್ತಾರೆ’ ಎಂದು ಒಳಗೆ ಹೋಗುತ್ತಾರೆ.

ವೈನಿನ ಮಾತು ಎತ್ತುವುದು ಹೇಗೆ? ‘ಸಾರಾಯಿ ಅಂಗಡಿ ಯಾಕೆ ಹಾಕಿದಿರಿ?’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ‘ಬಾಟಲಿಯ ಕಪಾಟು ಮೊದಲು ಯಾವ ಗೋಡೆಗಿತ್ತು?’ ಎಂದು ಕೇಳಿ. ಅದಕ್ಕೆ ಉತ್ತರ ಕೊಡುತ್ತಲೇ ಉಳಿದದ್ದೂ ಬರುತ್ತದೆ: ಬೇಳೆಯಲ್ಲಿ ಸಿಗುವ ಲಾಭ ಬಾಡಿಗೆಗೂ ಸಾಲದೆ ಹೋದದ್ದು, ಹಿಂದಿನ ಅಂಗಡಿಯವರು ಪರವಾನಗಿಯ ಸಮೇತ ಬಿಟ್ಟುಕೊಟ್ಟದ್ದು, ಊರಿನ ಗುರುಗಳ ಮುಂದೆ ಹೇಳಲಾಗದೆ ಕುಗ್ಗಿದ್ದು. ಈ ಸಂಕೋಚವೂ ಅಂಗಡಿಯ ಚರಿತ್ರೆಯೇ, ಅದನ್ನು ಅಳಿಸಿ ಬರೆದರೆ ಮಕ್ಕಳನ್ನು ಓದಿಸಿದ ಹಣ ಎಲ್ಲಿಂದ ಬಂತು ಎಂಬುದೇ ಪುಸ್ತಕದಲ್ಲಿ ಇರುವುದಿಲ್ಲ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಐದಾರು ಗಂಟೆ ಬೇಕು. ಕೊಂಕಣಿ, ಮರಾಠಿ ಬೆರೆತ ಕನ್ನಡವನ್ನು ತಿದ್ದಬೇಡಿ.

ಉದ್ರಿ ಗಿರಾಕಿಗಳ ಹೆಸರು ಅಚ್ಚಾಗಬಾರದು. ಯಾರು ವಾರಕ್ಕೆ ಎಷ್ಟು ಕ್ವಾರ್ಟರು ಒಯ್ದರು, ಯಾರ ಬಾಕಿ ತೀರಲಿಲ್ಲ ಎಂಬುದು ನಿಮ್ಮ ವಹಿಯಲ್ಲಿದ್ದರೂ ಆ ಬದುಕು ಅವರದು. ಸ್ಕ್ಯಾನಿನ ಎರಡು ಪ್ರತಿ ಇಟ್ಟು ಒಂದರಲ್ಲಿ ಹೆಸರಿನ ಅಂಕಣ ಮುಚ್ಚಿ. ಹೆಸರಿನ ಬದಲು ‘ಬಂದರಿನ ಹಮಾಲ, ಗದಗ ಕಡೆಯವರು’ ಎಂದಷ್ಟೇ ಬರೆದರೆ ಓದುಗರಿಗೆ ಬೇಕಾದದ್ದೆಲ್ಲ ಸಿಗುತ್ತದೆ.

ಬರೆಯಲು ಕೂತಾಗ

ಪರವಾನಗಿಯ ಸಾಲುಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ಬರೆಯುವ ಪ್ರತಿ ಸಂಗತಿಯ ಅಂಚಿನಲ್ಲಿ ಒಂದಕ್ಷರ ಹಾಕಿ: ಕಾಗದದಿಂದ ಬಂದದ್ದಕ್ಕೆ ‘ಕಾ’ ಮತ್ತು ಕಟ್ಟಿನ ನಂಬರು, ಮಾತಿನಿಂದ ಬಂದದ್ದಕ್ಕೆ ‘ಮಾ’ ಮತ್ತು ಹೇಳಿದವರ ಹೆಸರು, ನಿಮ್ಮ ಊಹೆಗೆ ‘ಊ’. ಒಂದು ಪುಟದಲ್ಲಿ ‘ಊ’ ಮೂರಕ್ಕಿಂತ ಹೆಚ್ಚಾದರೆ ಆ ಪುಟ ಇನ್ನೂ ಬರೆಯುವ ಹದಕ್ಕೆ ಬಂದಿಲ್ಲ. ದೊಡ್ಡಪ್ಪ ಒಂದು ಹೇಳಿ ಚಿಕ್ಕಪ್ಪ ಇನ್ನೊಂದು ಹೇಳಿದರೆ ಎರಡನ್ನೂ ಅವರವರ ಹೆಸರಲ್ಲೇ ಬರೆಯಿರಿ. ನಡುವಿನ ದಾರಿ ಹುಡುಕಿ ಯಾರೂ ಹೇಳದ ಮೂರನೆಯ ಕತೆ ಕಟ್ಟಬೇಡಿ. ಪಾಲು ಒಡೆದ ಮನೆಗಳಲ್ಲಿ ಕರಡನ್ನು ಎಲ್ಲ ಶಾಖೆಗಳಿಗೂ ಒಂದೇ ದಿನ ಕೊಟ್ಟು, ತಿದ್ದುಪಡಿಗೆ ಒಂದು ತಿಂಗಳು ಬಿಡಿ. ಒಬ್ಬರಿಗೆ ಮೊದಲು ತೋರಿಸಿದರೆ ಉಳಿದವರು ಓದುವ ಮೊದಲೇ ಮುನಿಸಿಕೊಂಡಿರುತ್ತಾರೆ.

ಮೂಲ ವಹಿಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ, ನೆಲದಿಂದ ಒಂದು ಅಡಿ ಮೇಲೆ, ಹೊರಗೋಡೆಗೆ ತಾಗದಂತೆ ಇಡಿ. ಅಂಗಡಿಯ ಮಾಳಿಗೆ ಬೇಡ, ಅಲ್ಲಿ ಗೆದ್ದಲೂ ಇಲಿಯೂ ಖಂಡಿತ. ಜೂನ್ ಮೊದಲ ಮಳೆಗೆ ಮುಂಚೆ ಒಮ್ಮೆ, ಚೌತಿಯ ನಂತರ ಒಮ್ಮೆ ತೆರೆದು ನೋಡಿ, ಜೆಲ್ ಬದಲಿಸಿ. ಈ ವರ್ಷದ ಪರವಾನಗಿಯ ಪ್ರತಿಯನ್ನೂ, ಅಂಗಡಿಯ ಎರಡೂ ಬದಿಯ ಒಂದೊಂದು ಬಿಲ್ಲನ್ನೂ ತಾರೀಖು ಬರೆದು ಅದೇ ಪೆಟ್ಟಿಗೆಗೆ ಹಾಕಿ.